ಚನಮಲ್ಲಪ್ಪ ಸರ್ ಮತ್ತು ಹಿಂದಿನ ಎರಡು ಡಬ್ಬಿ

ಚನಮಲ್ಲಪ್ಪನ ಅಂಗಿಯ ಕಿಸೆಯಲ್ಲಿ ಪೆನ್ನು ಕಂಡ ದಿನ, ಯಾರೋ ಕಳಕೊಂಡ ಪೆನ್ನನ್ನು ವಾಪಸು ಕೊಡಲು ಹೊರಟಿದ್ದಾನೆ ಎಂದೇ ಕರೆಮಡ್ಡಿಯ ಜನ ತಿಳಿದರು. ಆ ಕಿಸೆಯಲ್ಲಿ ಅದುವರೆಗೆ ಇರುತ್ತಿದ್ದದ್ದು ಎಲೆ-ಅಡಿಕೆಯ ಸಂಚಿ ಮತ್ತು ಆಗೀಗ ಒಂದು ನಟ್ಟು, ಅಷ್ಟೆ. ಪೆನ್ನಿನ ಸಂಗಡ ಆ ದಿನ ಮೈಮೇಲೆ ಇಸ್ತ್ರಿ ಮಾಡಿದ ಬಿಳಿ ಅಂಗಿ, ಕೊರಳಲ್ಲಿ ಸೀಟಿ, ಕೈಯಲ್ಲಿ ಬೆತ್ತ. ಬಸ್‌ಸ್ಟ್ಯಾಂಡಿನ ಚಹದಂಗಡಿಯ ಮುತ್ತಪ್ಪ, ಊರಲ್ಲಿ ಏನೇ ನಡೆದರೂ ಅದಕ್ಕೊಂದು ಮಾತು ಅಂಟಿಸದೆ ಬಿಡದ ಮನುಷ್ಯ, ಬಸಿಗೆ ಚಹಾ ಸುರಿಯುತ್ತಲೇ ಕತ್ತು ಹೊರಳಿಸಿದ.

“ಏನಪಾ ಚನಮಲ್ಲಾ, ಯಾರ ಮದಿವಿ?”

“ಮದಿವಿ ಅಲ್ಲೋ. ಕ್ಲಾಸ್ ಐತಿ.”

“ಈ ವಯಸ್ಸಿನ್ಯಾಗ ಸಾಲಿಗೆ ಹೊಂಟಿ? ಛಲೋ ಆತು ಬಿಡು. ನಾಲ್ಕನೇತ್ತಾ ಅರ್ಧಕ್ಕ ಬಿಟ್ಟಿದ್ದೆಲ್ಲಾ, ಮುಗಿಸಿ ಬಾ.”

“ಕಲಿಯಾಕಲ್ಲಲೇ, ಕಲಸಾಕ! ಇವತ್ತಿನಿಂದ ನಾ ಸರ್.”

ಬಸಿ ತುಂಬಿ ಹರಿದ ಚಹಾ ಎದುರಿನ ಗಿರಾಕಿಯ ಧೋತರಕ್ಕೆ ಇಳಿಯಿತು. ಗಿರಾಕಿ ಇದನ್ನು ಅಪಶಕುನ ಅಂದ. ಚನಮಲ್ಲಪ್ಪ ಅಭಿಷೇಕ ಅಂದುಕೊಂಡು ಮುಂದೆ ನಡೆದ.

ಸಂಗತಿ ಇಷ್ಟು. ಮುಧೋಳದಿಂದ ಜಮಖಂಡಿಗೆ ಹೋಗುವ ರಸ್ತೆಯ ಮಗ್ಗುಲಿಗೆ, ನಾಲ್ಕೂ ಕಡೆ ಕಬ್ಬು ಸುತ್ತಿಕೊಂಡು ಕೂತ ಊರು ಕರೆಮಡ್ಡಿ. ಚನಮಲ್ಲಪ್ಪ ಮೀಸೆ ಬಂದಾಗಿನಿಂದ ಸಾಹುಕಾರರ ಟ್ರ್ಯಾಕ್ಟರ್ ಹೊಡೆದವನು. ಮುಂದೆ ಎಂಜಿನ್, ಹಿಂದೆ ಒಂದರ ಬಾಲಕ್ಕೆ ಒಂದು ಕಟ್ಟಿದ ಎರಡು ಟ್ರೇಲರ್. ಇವಕ್ಕೆ ಈ ಕಡೆ ಡಬ್ಬಿ ಎನ್ನುತ್ತಾರೆ. ಡಬ್ಬಿ ತುಂಬ ಕಬ್ಬು ಹೇರಿಕೊಂಡು, ಹಾಡು ಹಚ್ಚಿಕೊಂಡು, ಹೊಲದಿಂದ ಫ್ಯಾಕ್ಟರಿಗೆ, ಫ್ಯಾಕ್ಟರಿಯಿಂದ ಹೊಲಕ್ಕೆ. ಈ ಸಲ ಹಂಗಾಮು ಮುಗಿದ ದಿನ ಸಾಹುಕಾರರು ಅವನ ಹೆಗಲ ಮೇಲೆ ಕೈ ಹಾಕಿ, “ಮುಂದಿನ ವರ್ಷ ನಮ್ಮ ಹುಡುಗನ ಹೊಡಿತಾನಂತಪಾ, ನೀ ಆರಾಮ ಮಾಡು,” ಅಂದರು. ಅಂದಿನಿಂದ ಚನಮಲ್ಲಪ್ಪ ಆರಾಮ ಮಾಡುತ್ತಿದ್ದ. ಮನೆಯಲ್ಲಿ ಗಂಡಸು ಬೆಳಗಿನಿಂದ ಸಂಜೆಯ ತನಕ ಆರಾಮ ಮಾಡುತ್ತಿದ್ದರೆ ಹೆಂಗಸಿಗೆ ಎಷ್ಟು ಆಯಾಸವಾಗುತ್ತದೆ ಎಂಬುದನ್ನು ಅವನ ಹೆಂಡತಿ ಮಾದೇವಿಯನ್ನು ಕೇಳಬೇಕು.

ಮಾದೇವಿ ಊರಿನ ರೊಟ್ಟಿ ಸಂಘದ ಮುಖ್ಯಸ್ಥೆ. ಅವಳ ಸಂಘದ ಕಡಕ್ ರೊಟ್ಟಿ ತಿಂಗಳಿಟ್ಟರೂ ಮುರಿಯುವಾಗ ಟಪ್ಪೆಂದು ಸದ್ದು ಮಾಡುತ್ತಿತ್ತು. ಈ ಟಪ್ಪೆಂಬ ಸದ್ದು ಹೇಗೋ ಜಮಖಂಡಿಯ ಹುಡುಗಿಯರ ಹಾಸ್ಟೆಲೊಂದರ ವಾರ್ಡನ್ ಕಿವಿಗೆ ಬಿತ್ತು. ಸಾಲಿ ಸುರುವಾಗುವ ಸೋಮವಾರದಿಂದ ದಿನಾ ಬೆಳಿಗ್ಗೆ ಬಿಸಿರೊಟ್ಟಿ ಬೇಕು ಅಂದರು ವಾರ್ಡನ್ ಬಾಯಿ. ಆದರೆ ಅವರ ಗೇಟಿನೊಳಗೆ ಗಂಡಸು ಕಾಲಿಡುವ ಹಾಗಿಲ್ಲ. ಗಂಡು ಬೆಕ್ಕು ಬಂದರೂ ಓಡಿಸುವ ಪೈಕಿ ಅವರು. ಗಾಡಿ ನಡೆಸುವವಳೂ ಹೆಂಗಸೇ ಆಗಿರಬೇಕು. ಆಗದಿದ್ದರೆ ಹೇಳಿ, ಲೋಕಾಪುರದ ಸಂಘದವರು ತಯಾರಿದ್ದಾರೆ ಅಂದರು.

ಸಂಘ ಒಂದು ಹಳೆಯ ಓಮ್ನಿ ವ್ಯಾನು ಕೊಂಡಿತು. ವ್ಯಾನು ಬಂತು, ಅದಕ್ಕೆ ಕುಂಕುಮ ಹಚ್ಚಿದ್ದೂ ಆಯಿತು, ನಡೆಸುವವರು ಇರಲಿಲ್ಲ. ಮಾದೇವಿ, ಅವಳ ಗೆಳತಿ ತಾರವ್ವ, ಪಾಯಪ್ಪ ಮಾಸ್ತರರ ಸೊಸೆ ಪ್ರಾಚಿ ಈ ಮೂವರು ಕಲಿಯುವ ಲೈಸೆನ್ಸು ಮಾಡಿಸಿಕೊಂಡು, ಜಮಖಂಡಿಯ ಡ್ರೈವಿಂಗ್ ಸ್ಕೂಲಿಗೆ ಹೋಗುವುದೆಂದು ಅಂಗಳದಲ್ಲಿ ಕೂತು ಗೊತ್ತು ಮಾಡಿದರು. ಆಗ ಪಡಸಾಲೆಯ ಮಂಚದಿಂದ ಒಂದು ದನಿ ಎದ್ದಿತು.

“ಎರಡು ಡಬ್ಬಿ ಎಳದಾಂವ ಮನ್ಯಾಗ ಮಲಗಿರುವಾಗ, ಇವರು ಜಮಖಂಡಿಗೆ ಹೋಗಿ ಕಲಿತಾರಂತ!”

ಇದು ಬರೀ ಗೊಣಗಾಟವಾಗಿತ್ತು. ಆದರೆ ತಾರವ್ವ ಸ್ಥೂಲಕಾಯದ, ಸೂಕ್ಷ್ಮ ಕಿವಿಯ ಹೆಂಗಸು.

“ಅಣ್ಣಾರ, ನೀವು ಕಲಸ್ತೀರೇನ್ರಿ? ಪುಕ್ಕಟ?”

“ಪುಕ್ಕಟ,” ಎಂದು ಎದ್ದು ಕೂತ ಚನಮಲ್ಲಪ್ಪ. ಯಾರಾದರೂ ತನ್ನನ್ನು ಏನನ್ನಾದರೂ ಕೇಳಿ ಎರಡು ತಿಂಗಳಾಗಿತ್ತು. “ಆದ್ರ ಒಂದು ಕರಾರು. ಕ್ಲಾಸಿನ್ಯಾಗ ಎಲ್ಲಾರೂ ನನಗ ಸರ್ ಅನ್ನಬೇಕು. ಎಲ್ಲಾರೂ ಅಂದ್ರ ಎಲ್ಲಾರೂ.”

ತಾರವ್ವ, ಪ್ರಾಚಿ ಇಬ್ಬರೂ ಮಾದೇವಿಯ ಮುಖ ನೋಡಿದರು. ಮಾದೇವಿ ಸೆರಗು ಸರಿಮಾಡಿಕೊಂಡಳು.

“ಆತ್ರಿ ಸರ್. ಮೊದಲ ಎದ್ದು ಹಾಸಗಿ ಮಡಚ್ರಿ ಸರ್. ಆಮ್ಯಾಲೆ ಎಮ್ಮಿಗೆ ನೀರ ಕುಡಸ್ರಿ ಸರ್.”

ಹೀಗೆ ಚನಮಲ್ಲಪ್ಪ ಸರ್ ಆದ.

ಕಲಿಸುವುದಕ್ಕೆ ಮುಂಚೆ ಕಲಿಸುವುದು ಹೇಗೆ ಎಂದು ಒಂದು ಮಾತು ಕೇಳಿಕೊಳ್ಳೋಣ ಎಂದು ಅವನು ಪಾಯಪ್ಪ ಮಾಸ್ತರರ ಮನೆಗೆ ಹೋದ. ತೇರದಾಳ ಕಡೆಯ ಸಾಲಿಗಳಲ್ಲಿ ಆಯುಷ್ಯ ಕಳೆದು ನಿವೃತ್ತರಾದವರು ಅವರು. ಕನ್ನಡಕ ಇಳಿಸಿ ನೋಡಿದರು.

“ಟ್ರೇನಿಂಗ್ ಏನರ ಆಗೇತೇನಪಾ?”

“ಇಲ್ರೀ. ಕ್ಲಚ್ಚು, ಬ್ರೇಕು, ಗೇರು ಬರ್ತಾವ.”

“ನಮಗ ಅವೂ ಬರ್ತಿರಲಿಲ್ಲ, ಮೂವತ್ತ ವರ್ಷ ಕಲಿಸಿದ್ವಿ,” ಎಂದು ಮಾಸ್ತರರು ಉದಾರವಾಗಿ ನಕ್ಕರು. “ಕೇಳು. ಮೊದಲ ಪೀಠಿಕಿ ಹಾಕು. ಆಮ್ಯಾಲೆ ಪಾಠ ಮಾಡು. ಕಡೀಕ ಮನಿಗೆಲಸ ಕೊಡು. ಮನಿಗೆಲಸ ಕೊಟ್ಟಿಲ್ಲಂದ್ರ ಕಲತದ್ದು ಸಾಲಿ ಗೇಟಿನ್ಯಾಗ ಉಳಿತೈತಿ.”

ಈ ಸಲಹೆ ತಮ್ಮ ಮನೆಯ ಅಡುಗೆ ಒಲೆಯ ತನಕ ಬಂದು ಮುಟ್ಟುತ್ತದೆ ಎಂದು ಪಾಪ, ಮಾಸ್ತರರಿಗೆ ಗೊತ್ತಿರಲಿಲ್ಲ.

ಊರ ಹೊರಗಿನ ಬಯಲಿನಲ್ಲಿ ಪಾಠ ಸುರುವಾಯಿತು. ಇಲ್ಲಿ ಒಂದು ಮಾತು ಹೇಳಬೇಕು. ಚನಮಲ್ಲಪ್ಪನಿಗೆ ಕಲಿಸಲು ಬರುತ್ತಿರಲಿಲ್ಲ ಎಂದು ಯಾರಾದರೂ ಅಂದರೆ ಅದು ಸುಳ್ಳು. ತಾಳ್ಮೆ ಇತ್ತು, ದನಿ ಇತ್ತು, ಹೇಳಿದ್ದನ್ನೇ ಹತ್ತು ಬಗೆಯಲ್ಲಿ ಹೇಳುವ ಹುರುಪಿತ್ತು. ಇದ್ದ ತೊಂದರೆ ಒಂದೇ. ಅವನ ತಲೆಯಲ್ಲಿ ಗಾಡಿ ಎಂದರೆ ಹಿಂದೆ ಎರಡು ಡಬ್ಬಿ ಇರುವಂಥದ್ದು. ಬೇರೆ ತರದ ಗಾಡಿಗೆ ಆ ತಲೆಯಲ್ಲಿ ಜಾಗವೇ ಇರಲಿಲ್ಲ.

“ತಿರುವು ಬಂತು ಅಂದ್ರ ಲಗೂನ ಹೊಳ್ಳಸಬಾರ್ದು,” ಎಂದು ಎಡಗಡೆ ಸೀಟಿನಲ್ಲಿ ಕೂತು ಬೆತ್ತದಿಂದ ತೋರಿಸಿದ. “ಆ ಕಡೆ ದಂಡಿಗೆ ಹೋಗ್ರಿ. ಇನ್ನಾ ಹೋಗ್ರಿ. ಗಟಾರದ ತನಕ ಹೋಗ್ರಿ. ಹಾಂ, ಈಗ ಹೊಳ್ಳಸ್ರಿ. ಹಿಂದ ನೋಡ್ರಿ. ಒಂದು ಬಂತು? ಮತ್ತೊಮ್ಮಿ ನೋಡ್ರಿ. ಎರಡ್ನೇದ್ದು ಬಂತು? ಬಂದ ಮ್ಯಾಲೆ ಸೀದಾ ಹೋಗ್ರಿ.”

ಪ್ರಾಚಿ ಒಮ್ಮೆ ನೋಡಿದಳು, ಮತ್ತೊಮ್ಮೆ ನೋಡಿದಳು. ಹಿಂದಿನ ಸೀಟಿನಲ್ಲಿ ತಾರವ್ವ ಇದ್ದಳು. ಎರಡೂ ಸಲ ಬಂದಂತೆಯೇ ಕಂಡಳು.

ಕರೆಂಟಿನ ತಂತಿ ಬಂದರೆ ತಲೆ ಹೊರಹಾಕಿ ಮೇಲೆ ನೋಡಬೇಕು, ಹೇರು ತಾಗೀತು. ಸಾಲಿ ಬಂದರೆ ಸೀಟಿ ಊದಬೇಕು, ಹುಡುಗರು ಹಿಂದಿನಿಂದ ಕಬ್ಬು ಜಗ್ಗುತ್ತಾರೆ. ಏರು ಬಂದರೆ ಒಬ್ಬರು ಕಲ್ಲು ಹಿಡಿದುಕೊಂಡು ಇಳಿದು ಗಾಲಿಯ ಹಿಂದೆ ಓಡಬೇಕು, ಗಾಡಿ ಹಿಂದಕ್ಕೆ ಜಾರಿದರೆ ಗಾಲಿಗೆ ಅಡ್ಡ ಕೊಡಲಿಕ್ಕೆ. ಈ ಕೊನೆಯ ಕೆಲಸ ತಾರವ್ವನ ಪಾಲಿಗೆ ಬಂತು. ಖಾಲಿ ಓಮ್ನಿ ಸರಸರ ಏರಿ ಹೋಗುತ್ತಿತ್ತು, ಹಿಂದೆ ತಾರವ್ವ ದಮ್ಮು ಬಿಡುತ್ತ ಕಲ್ಲು ಹೊತ್ತು ಓಡುತ್ತಿದ್ದಳು.

“ಡ್ರೈವಿಂಗು ಇಷ್ಟು ತ್ರಾಸ ಅಂತ ಗೊತ್ತಿರಲಿಲ್ಲ ಯವ್ವಾ,” ಅಂದಳು ಅವಳು. “ಸುಮ್ಮನಲ್ಲ ಡ್ರೈವರಗೋಳು ಅಷ್ಟು ಚಹಾ ಕುಡಿಯೂದು.”

ಮೂವರೂ ಅದುವರೆಗೆ ಸ್ಟೇರಿಂಗ್ ಮುಟ್ಟಿದವರಲ್ಲ. ಎಲ್ಲ ಗಾಡಿಯ ಧರ್ಮವೂ ಇದೇ ಎಂದು ನಂಬಿ ಮನಸ್ಸಿಟ್ಟು ಕಲಿತರು. ಕಡೆಗೆ ಸರ್ ಮನೆಗೆಲಸವನ್ನೂ ಕೊಟ್ಟರು: “ಮನ್ಯಾಗ ನೀರು ತರುವಾಗ, ಕಸಾ ಹೊಡಿಯುವಾಗ ತಿರುವಿನ ರೂಢಿ ಮಾಡ್ರಿ. ಕೈಗೆ ಬರೂದಕ್ಕಿಂತ ಮೊದಲ ಮೈಗೆ ಬರಬೇಕು.”

ಮೈಗೆ ಬಂತು. ಮೂರನೆಯ ದಿನ ಪಾಯಪ್ಪ ಮಾಸ್ತರರ ಹೆಂಡತಿ ಬಾಳವ್ವ ಚನಮಲ್ಲಪ್ಪನ ಅಂಗಳಕ್ಕೆ ಬಂದು ನಿಂತರು. ಮಾಸ್ತರರು ಹಿಂದೆ ನಿಂತಿದ್ದರು, ಸ್ವಲ್ಪ ದೂರದಲ್ಲಿ.

“ಚನಮಲ್ಲಪ್ಪಾ, ನಮ್ಮ ಸೊಸಿಗೆ ಏನು ಮಾಡಿ?”

“ಏನಾತ್ರಿ ಅವ್ವಾರ?”

“ಏನಾತು? ಒಲಿಯಿಂದ ಊಟದ ಮಣಿ ತನಕ ನಾಕು ಹೆಜ್ಜಿ ಐತಿ. ಆಕಿ ಪಲ್ಲೆದ ಬೋಗಣಿ ಹಿಡಕೊಂಡು ದೇವರ ಮನಿ ಬಾಗಲಾ ಮುಟ್ಟಿ, ಹಿತ್ತಲದ ಗ್ವಾಡಿ ಮುಟ್ಟಿ ಬರ್ತಾಳ. ನಡುವ ನಿಂತು ಹಿಂದ ನೋಡ್ತಾಳ. ಮತ್ತೊಮ್ಮಿ ನೋಡ್ತಾಳ. ಆಕಿ ಹಿಂದ ಯಾರು ಬರ್ತಾರ? ನಮಗ ಕಾಣವಲ್ಲರು!”

“ಅದು ಅಭ್ಯಾಸರೀ...”

“ಹೊತ್ತು ಮುಳುಗೂದರಾಗ ಊಟ ಮುಗಿಸೂ ಜೈನ ಮಂದಿ ನಾವು. ಮೂರು ದಿನಾ ಆತು, ಆಕಿ ತಿರುವಿನ್ಯಾಗ ಇರುವಾಗ ಸೂರ್ಯ ಮುಳುಗಾಕತ್ಯಾನ. ಇವರು ಮೂರು ದಿನದಿಂದ ರಾತ್ರಿ ಉಪವಾಸ ಅದಾರ!”

ಮಾಸ್ತರರು ದೂರದಿಂದಲೇ ತಲೆಯಾಡಿಸಿದರು. ಅದರಲ್ಲಿ ಹಸಿವೂ ಇತ್ತು. ತಾವೇ ಹೇಳಿಕೊಟ್ಟ ಮನೆಗೆಲಸ ಎಂಬ ಸಂಕಟವೂ ಇತ್ತು.

ಸರ್ ದೊಡ್ಡ ಮನಸ್ಸು ಮಾಡಿ, ಪ್ರಾಚಿಗೆ ಸಂಜೆಯ ಮನೆಗೆಲಸದಿಂದ ವಿನಾಯಿತಿ ಕೊಟ್ಟರು.

ತಿಂಗಳೊಪ್ಪತ್ತಿನ ಬಯಲಿನ ಪಾಠ ಮುಗಿದು ವ್ಯಾನು ದೊಡ್ಡ ರಸ್ತೆಗೆ ಬಂದ ದಿನ ಇನ್ನೊಂದು ನಡೆಯಿತು. ಪ್ರಾಚಿ ಸ್ಟೇರಿಂಗ್ ಹಿಡಿದಿದ್ದಳು. ಊರ ದಾರಿಯಿಂದ ಮುಧೋಳ ರಸ್ತೆಗೆ ತಿರುಗಬೇಕು. ಅವಳು ಕಲಿಸಿದಂತೆಯೇ ಆಚೆ ದಂಡೆಗೆ ಹೋಗಿ, ಗಟಾರ ಮುಟ್ಟಿ, ದೊಡ್ಡ ಸುತ್ತು ಹಾಕಿದಳು. ಜಮಖಂಡಿಯಿಂದ ಬರುತ್ತಿದ್ದ ಬಸ್ಸಿನ ಡ್ರೈವರ್ ಆ ಸುತ್ತು ನೋಡಿದ. ಈ ಸೀಮೆಯಲ್ಲಿ ಅಂಥ ಸುತ್ತನ್ನು ಕಂಡರೆ ಡ್ರೈವರನ ಕಾಲು ಅವನನ್ನು ಕೇಳದೆಯೇ ಬ್ರೇಕಿಗೆ ಹೋಗುತ್ತದೆ. ಬಸ್ಸು ನಿಂತಿತು. ಓಮ್ನಿ ಹೋಯಿತು. ಬಸ್ಸು ನಿಂತೇ ಇತ್ತು.

“ಯಾಕ್ರೀ, ಹೋಗ್ರೆಲಾ,” ಅಂದ ಕಂಡಕ್ಟರ್.

“ತಡಿಯೋ, ಡಬ್ಬಿ ಬರಲಿ.”

“ಯಾವ ಡಬ್ಬಿ?”

“ಆ ಹೊಳ್ಳಸಿದ್ದು ನೋಡಿಲ್ಲೇನು? ಎರಡು ಅದಾವ.”

ಬಸ್ಸಿನ ಹಿಂದೆ ಲಾರಿ ನಿಂತಿತು. ಲಾರಿಯ ಹಿಂದೆ ಸೀರೆ ಗಂಟು ಹೇರಿಕೊಂಡು ರಬಕವಿಯಿಂದ ಬಂದ ಟೆಂಪೊ ನಿಂತಿತು. ಕಿಟಕಿಗಳಿಂದ ತಲೆಗಳು ಹೊರಬಂದವು.

“ಏನಾತ್ರಿ?”

“ಡಬ್ಬಿ ಬರಾಕತ್ತಾವಂತ.”

“ಬ್ಯಾಸಿಗ್ಯಾಗ ಎಲ್ಲಿ ಕಬ್ಬಪಾ?”

“ಮುಂಗಡ ಕಡದಿರಬೇಕ್ರಿ. ಲೋಡ್ ಭಾಳ ಐತಿ ಅದಕ್ಕ ತಡಾ,” ಎಂದು ಒಬ್ಬ ಮುದುಕರು ಸಮಾಧಾನ ಹೇಳಿ, ಚುಟ್ಟಾ ಹಚ್ಚಿದರು.

ಇತ್ತ ಓಮ್ನಿಯ ಕನ್ನಡಿಯಲ್ಲಿ ತನ್ನ ಶಿಷ್ಯೆಗಾಗಿ ನಿಂತ ಸರ್ಕಾರಿ ಬಸ್ಸನ್ನೂ, ಅದರ ಹಿಂದಿನ ಸಾಲನ್ನೂ ಕಂಡು ಚನಮಲ್ಲಪ್ಪನ ಎದೆ ಉಬ್ಬಿತು. “ನೋಡ್ರಿ, ಹೆಂಗ ಮರ್ಯಾದಿ ಕೊಡ್ತಾರ! ಬರೋಬ್ಬರಿ ಹೊಳ್ಳಿಸಿದ್ರ ಸರಕಾರನೂ ನಿಲ್ತೈತಿ.”

ಅದೇ ಉಬ್ಬಿದ ಎದೆಯೊಂದಿಗೆ ಅವನು ಮೂವರನ್ನೂ ಜಮಖಂಡಿಗೆ ಪರೀಕ್ಷೆಗೆ ಕರೆದೊಯ್ದ.

ಅಲ್ಲಿನ ಇನ್‌ಸ್ಪೆಕ್ಟರ್ ಸಾಹೇಬರು ಮೈಸೂರು ಕಡೆಯವರು. ಬೇಸಿಗೆಯಲ್ಲಿ ವರ್ಗವಾಗಿ ಬಂದಿದ್ದರು, ಕಬ್ಬಿನ ಹಂಗಾಮು ಇನ್ನೂ ನೋಡಿರಲಿಲ್ಲ. ಮೈದಾನದಲ್ಲಿ ಕಂಬ ನೆಟ್ಟು ಎಂಟರ ಆಕಾರ ಮಾಡಿದ್ದರು. ಮಾದೇವಿ ಮೊದಲು ಕೂತಳು. ಎಂಟಿನ ಮೊದಲ ತಿರುವು ಬಂತು. ಅವಳು ಆಚೆ ದಂಡೆ ಹುಡುಕಿದಳು. ಮೈದಾನದಲ್ಲಿ ದಂಡೆ ಸಾಲಲಿಲ್ಲ. ಓಮ್ನಿ ಗೇಟಿನಿಂದ ಹೊರಗೆ ಹೋಯಿತು, ಎದುರಿನ ಚಹದಂಗಡಿಯ ಬೆಂಚಿನ ಮಗ್ಗುಲು ಮುಟ್ಟಿತು, ಅಲ್ಲಿದ್ದವರು ಕಪ್ಪು ಎತ್ತಿಕೊಂಡು ಎದ್ದರು, ಓಮ್ನಿ ಹೊರಳಿಕೊಂಡು ಮತ್ತೆ ಗೇಟಿನೊಳಗೆ ಬಂದು, ಎಂಟಿನ ಉಳಿದ ಅರ್ಧವನ್ನು ಶಾಂತವಾಗಿ ಮುಗಿಸಿತು. ನಡುವೆ ಮಾದೇವಿ ಎರಡು ಸಲ ಹಿಂದೆ ನೋಡಿದಳು, ತಂತಿ ಕಂಡು ಒಮ್ಮೆ ಮೇಲೆ ನೋಡಿದಳು.

ಸಾಹೇಬರು ಓಮ್ನಿಯ ಕಿಟಕಿಗೆ ಬಂದು ಬಗ್ಗಿದರು.

“ಏನಮ್ಮಾ, ಹೊರಗಡೆ ಯಾಕೆ ಹೋದ್ರಿ?”

“ಹೊಳ್ಳಸಾಕ್ರೀ.”

“ಹಿಂದೆ ಏನು ನೋಡ್ತಿದ್ರಿ?”

“ಎರಡನೇದ್ದು ಬಂತೇನು ಅಂತ ನೋಡಾಕತ್ತಿದ್ನಿರಿ.”

“ಎರಡನೇದು ಏನು?”

ಮಾದೇವಿಗೆ ಎರಡನೆಯದು ಬರುತ್ತದೆ ಎಂದು ಗೊತ್ತಿತ್ತೇ ಹೊರತು ಅದು ಏನು ಎಂದು ಅವಳು ಯಾವತ್ತೂ ಕೇಳಿರಲಿಲ್ಲ. ಅವಳು ಗಂಡನ ಕಡೆ ನೋಡಿದಳು. ಪ್ರಾಚಿ ನೋಡಿದಳು. ತಾರವ್ವ, ಕೈಯಲ್ಲಿ ಕಲ್ಲು ಹಿಡಿದು ತಯಾರಾಗಿ ನಿಂತಿದ್ದವಳು, ಅವಳೂ ನೋಡಿದಳು.

“ಡಬ್ಬಿರೀ ಸಾಹೇಬ್ರ,” ಅಂದ ಚನಮಲ್ಲಪ್ಪ ಧೈರ್ಯವಾಗಿ.

“ಯಾವ ಡಬ್ಬಿ?”

ಚನಮಲ್ಲಪ್ಪ ತೋರಿಸಲು ಕೈ ಎತ್ತಿದ. ಓಮ್ನಿಯ ಹಿಂದೆ ಮೈದಾನವಿತ್ತು, ಮೈದಾನದ ಮೇಲೆ ಬಿಸಿಲಿತ್ತು. ಎತ್ತಿದ ಕೈ ಎತ್ತಿದಲ್ಲೇ ಉಳಿಯಿತು.

ಸಾಹೇಬರು ಕೆಟ್ಟವರಲ್ಲ. “ನೀವೇ ಒಂದು ಸಲ ಓಡಿಸಿ ತೋರಿಸಿ ಮೇಷ್ಟ್ರೇ,” ಅಂದರು. ಮೇಷ್ಟ್ರು ಹತ್ತಿದರು. ಮನಸ್ಸಿನಲ್ಲಿ ಡಬ್ಬಿ ಇಲ್ಲ, ಡಬ್ಬಿ ಇಲ್ಲ ಎಂದುಕೊಳ್ಳುತ್ತಲೇ ಗೇಟಿನಿಂದ ಹೊರಗೆ ಹೋದರು. ಚಹದಂಗಡಿಯವನು ಈ ಸಲ ಮೊದಲೇ ಬೆಂಚು ಎತ್ತಿಟ್ಟಿದ್ದ.

“ಮೂರೂ ಜನ ಫೇಲು,” ಅಂದರು ಸಾಹೇಬರು. “ಮೇಷ್ಟ್ರೂ ಫೇಲು. ಮುಂದಿನ ಶುಕ್ರವಾರ ಬನ್ನಿ. ಬರುವಾಗ ಓಮ್ನಿ ಒಂದನ್ನೇ ತನ್ನಿ.”

ಕರೆಮಡ್ಡಿಗೆ ಸುದ್ದಿ ಓಮ್ನಿಗಿಂತ ಮೊದಲು ಬಂದಿತ್ತು. ಚಹದಂಗಡಿಯ ಮುಂದೆ ಮುತ್ತಪ್ಪ ರಸ್ತೆಗೇ ಇಳಿದು ನಿಂತಿದ್ದ.

“ಬರ್ರಿ ಸರ್, ಬರ್ರಿ! ಅಲ್ಲೇ ನಿಲ್ಲಸ್ರಿ, ಹಿಂದಿನ ಡಬ್ಬಿ ಗಟಾರಕ್ಕ ಇಳದೀತು. ಎಷ್ಟು ಟನ್ ಐತ್ರಿ ಲೋಡು?” ಸಾಲಿಯ ಹುಡುಗರು ವ್ಯಾನಿನ ಹಿಂದೆ ಖಾಲಿ ಗಾಳಿಯಿಂದ ಕಬ್ಬು ಜಗ್ಗಿ, ಸಿಗಿದು, ಚಪ್ಪರಿಸಿ ತೋರಿಸಿದರು.

ಚನಮಲ್ಲಪ್ಪ ಮನೆಗೆ ಬಂದು ಪೆನ್ನು ತೆಗೆದು ಗೋಡೆಯ ಗೂಡಿನಲ್ಲಿಟ್ಟ. ಸೀಟಿಯನ್ನು ಗೂಟಕ್ಕೆ ಹಾಕಿದ. ಮಾದೇವಿ ಬೈದಿದ್ದರೆ ಅವನು ತಡೆದುಕೊಳ್ಳುತ್ತಿದ್ದ. ಅವಳು ಸುಮ್ಮನೆ ರೊಟ್ಟಿ ಬಡಿಯುತ್ತಿದ್ದಳು. ಬಡಿತದ ಸದ್ದು ದಿನಕ್ಕಿಂತ ಜೋರಾಗಿತ್ತು, ಅಷ್ಟೆ. ವಾರದ ಮೇಲೆ ಶುಕ್ರವಾರ. ಶುಕ್ರವಾರದ ಮೇಲೆ ಸೋಮವಾರ, ಹಾಸ್ಟೆಲಿನ ಸೋಮವಾರ. ಶುಕ್ರವಾರ ಹೋಯಿತೆಂದರೆ ರೊಟ್ಟಿ ಲೋಕಾಪುರದವರದು.

ಸಂಜೆ ಪಾಯಪ್ಪ ಮಾಸ್ತರರು ಬಂದರು. ಹೊತ್ತಿಗೆ ಸರಿಯಾಗಿ ಊಟವಾದ ಮುಖವಿತ್ತು.

“ನಾ ಈ ಉದ್ಯೋಗ ಬಿಟ್ಟೇರಿ ಮಾಸ್ತರ,” ಅಂದ ಚನಮಲ್ಲಪ್ಪ. “ಕಾಗದ ಇಲ್ಲ, ಕಲತಿಲ್ಲ, ನನಗ್ಯಾಕ ಬೇಕಾಗಿತ್ತು? ಜಮಖಂಡಿ ಸ್ಕೂಲಿಗೆ ಹೋಗ್ಲಿ ಅವರು.”

“ಹುಚ್ಚಪ್ಪಾ,” ಅಂದರು ಮಾಸ್ತರರು. “ನಾ ನೂರಾರು ಹುಡುಗರಿಗೆ ಕಲಿಸೇನಿ. ಭೂಮಿ ಗುಂಡಗೈತಿ ಅಂದೆ, ಪರೀಕ್ಷಾದಾಗ ಬರದ್ರು, ಹೊರಗ ಬಂದು ಮರತ್ರು. ನಿನ್ನ ಮೂರು ಮಂದಿ ಇಲ್ಲದ ಡಬ್ಬಿ ಹಿಂದ ಹೊಳ್ಳಿ ಹೊಳ್ಳಿ ನೋಡ್ಯಾರ! ಹೇಳಿದ್ದನ್ನ ಅಷ್ಟು ನಂಬೂ ಹುಡುಗರು ನನಗ ಒಬ್ಬರೂ ಸಿಗಲಿಲ್ಲ. ತಪ್ಪು ಪಾಠ ಇಷ್ಟು ಛಲೋ ಕಲಿಸಿದಾಂವ ಖರೇ ಪಾಠ ಕಲಸಲಾರ್‍ಯಾ?”

ಒಲೆಯ ಮುಂದಿನ ಬಡಿತ ನಿಂತಿತು.

“ಮಾಸ್ತರು ಹೇಳೂದು ಖರೆ ಐತಿ,” ಅಂದಳು ಮಾದೇವಿ. “ಸ್ಕೂಲಿಗೆ ಹೋಗಾಕ ಈಗ ದಿನಾ ಎಲ್ಲಿ ಅದಾವ? ನಾಳೆ ಮುಂಜಾನೆ ಕ್ಲಾಸ್ ಐತಿ.”

ಮರುದಿನ ಬೆಳಿಗ್ಗೆ ಬಯಲಿನಲ್ಲಿ ಸರ್ ಹೊಸ ಪಾಠ ಸುರುಮಾಡಿದರು. “ಡಬ್ಬಿ ಇಲ್ಲ. ತಿಳೀತು? ಹಿಂದ ಏನೂ ಇಲ್ಲ. ಸಣ್ಣಗ ಹೊಳ್ಳಸ್ರಿ.” ಮಾದೇವಿ ತಲೆಯಾಡಿಸಿ, ಗಟಾರ ಮುಟ್ಟಿ ಬಂದಳು. ಪ್ರಾಚಿ ಹಿಂದೆ ನೋಡಬಾರದೆಂದು ಕಣ್ಣನ್ನೇ ಮುಚ್ಚಿದಳು. ತಾರವ್ವನನ್ನು ಏರಿನಲ್ಲಿ ಕೂರಿಸಲು ಇಬ್ಬರು ಹಿಡಿದುಕೊಳ್ಳಬೇಕಾಯಿತು; ಕಾಲು ತಾವಾಗಿಯೇ ಇಳಿಯುತ್ತಿದ್ದವು. ಎರಡು ದಿನ ಹೀಗೆ ಹೋಯಿತು. ಸರ್ ಬೆತ್ತ ಎಸೆದರು. “ಇಲ್ಲ ಅಂತ ಹೇಳಾಕತ್ತೇನಲಾ, ಮತ್ಯಾಕ ಎಳ್ಯಾಕತ್ತೀರಿ ಅದನ್ನ?”

ಮಾದೇವಿಗೆ ತಡೆಯಲಾಗಲಿಲ್ಲ. ಗಾಡಿ ನಿಲ್ಲಿಸಿ, ಕಿಟಕಿಯಿಂದ ತಲೆ ಹೊರಹಾಕಿ ಒದರಿದಳು: “ಇಲ್ಲ ಅಂದ್ರ ಹೆಂಗ ಹೋಗ್ತಾವ್ರಿ? ತಿಂಗಳಾನಗಟ್ಲೆ ಎಳದೀವಿ! ಹಚ್ಚಿದಾವರು ನೀವು. ನೀವ ಬಿಚ್ರಿ!”

ಚನಮಲ್ಲಪ್ಪ ಹೆಂಡತಿಯ ಮುಖ ನೋಡಿದ. ಅವಳು ತಮಾಷೆ ಮಾಡುತ್ತಿರಲಿಲ್ಲ. ಆಮೇಲೆ ಅವನು ಓಮ್ನಿಯ ಹಿಂದೆ ಹೋದ.

ಬಗ್ಗಿದ. ಎಂಜಿನ್ನಿಗೂ ಡಬ್ಬಿಗೂ ನಡುವೆ ಕಬ್ಬಿಣದ ಗೂಟ ಇರುತ್ತದಲ್ಲ, ಅದು ಇರುವ ಎತ್ತರಕ್ಕೆ ಕೈ ಇಟ್ಟ. ಗೂಟ ಬಿಗಿದಿತ್ತು. ತಾರವ್ವನ ಕಲ್ಲು ಇಸಕೊಂಡು ಕೆಳಗಿನಿಂದ ನಾಲ್ಕು ಪೆಟ್ಟು ಹಾಕಿದ, ಸಡಿಲಾಯಿತು. ಎರಡೂ ಕೈಯಿಂದ ಎಳೆದು ಹೆಗಲಿಗೇರಿಸಿಕೊಂಡ. ಸರಪಳಿ ಬಿಚ್ಚಿ ಸುತ್ತಿಟ್ಟ. ಮುಂದಿನ ಡಬ್ಬಿಯ ಗಾಲಿಗೆ ಕಲ್ಲು ಕೊಟ್ಟ, ಹಿಂದಿನದಕ್ಕೂ ಕೊಟ್ಟ. ಜಾರಿ ಯಾರ ಮೇಲಾದರೂ ಹೋದೀತು. ಹಣೆಯ ಬೆವರು ಒರೆಸಿಕೊಂಡು ಬಂದು, ಓಮ್ನಿಯ ಬೆನ್ನಿಗೆ ಅಂಗೈಯಿಂದ ಎರಡು ಸಲ ಬಡಿದ.

“ಹಾಂ! ಬಿಚ್ಚೇತಿ. ಹೋಗ್ರಿ!”

ಮಾದೇವಿ ಹೊರಟಳು. ತಿರುವು ಬಂತು. ಓಮ್ನಿ ಗಟಾರದ ಕಡೆ ಹಾಯಲೇ ಇಲ್ಲ. ನಿಂತ ಹೆಜ್ಜೆಯಲ್ಲೇ ಹೊರಳಿದಂತೆ ಹೊರಳಿ, ಹಗುರಾಗಿ ವಾಪಸು ಬಂತು. ಮಾದೇವಿ ಹಿಂದೆ ನೋಡಲಿಲ್ಲ.

“ಯವ್ವಾ!” ಅಂದಳು ಅವಳು, ಸ್ಟೇರಿಂಗನ್ನೇ ನೋಡುತ್ತ. “ಎಷ್ಟು ಹಗೂರೈತಿ ಇದು!”

ಪ್ರಾಚಿಯೂ ಹೋಗಿ ಬಂದಳು. ತಾರವ್ವ ಏರು ಹತ್ತಿ, ಇಳಿಯದೆ, ಮೇಲೆ ನಿಂತು ಕೈ ಬೀಸಿದಳು. ಅಷ್ಟರಲ್ಲಿ ಮೋಜು ನೋಡಲು ಮುತ್ತಪ್ಪ ಬೈಕು ತಂದ. ಅವನಿಗೆ ದೂರದಿಂದ ಬಿಚ್ಚುವುದೆಲ್ಲ ಕಂಡಿತ್ತು. ನಗುತ್ತ ನಗುತ್ತ ಬಂದವನು, ಡಬ್ಬಿ ಬಿಟ್ಟ ಜಾಗ ಬರುತ್ತಲೇ ಹ್ಯಾಂಡಲು ತಿರುಗಿಸಿ, ಸುತ್ತು ಹಾಕಿಕೊಂಡು ಈಚೆ ಬಂದ.

“ನಡುವ ಯಾಕ ಬರಲಿಲ್ಲೋ?” ಎಂದು ಕೇಳಿದ ಚನಮಲ್ಲಪ್ಪ.

ಮುತ್ತಪ್ಪ ಹಿಂದೆ ತಿರುಗಿ ಖಾಲಿ ಬಯಲು ನೋಡಿದ. ಊರಿಗೆಲ್ಲ ಮಾತು ಅಂಟಿಸುವವನು ಬೈಕು ಹೊರಳಿಸಿ, ಹೋಗುವಾಗಲೂ ಅದೇ ಸುತ್ತು ಹಾಕಿಕೊಂಡು ಹೋದ.

ಶುಕ್ರವಾರ ಜಮಖಂಡಿಯ ಮೈದಾನದಲ್ಲಿ ಇನ್‌ಸ್ಪೆಕ್ಟರ್ ಸಾಹೇಬರು ಬಂದು ನೋಡುತ್ತಾರೆ, ಇಸ್ತ್ರಿ ಅಂಗಿಯ ಮನುಷ್ಯನೊಬ್ಬ ಓಮ್ನಿಯ ಹಿಂದೆ ಬಗ್ಗಿ ಗಾಳಿಯನ್ನು ಕಲ್ಲಿನಿಂದ ಬಡಿಯುತ್ತಿದ್ದಾನೆ.

“ಏನ್ ಮಾಡ್ತಿದೀರಿ ಮೇಷ್ಟ್ರೇ?”

“ಬಿಚ್ಚಾಕತ್ತೇನ್ರಿ ಸಾಹೇಬ್ರ. ಎರಡ ನಿಮಿಷ.”

ಸಾಹೇಬರು ಆಕಾಶ ನೋಡಿದರು. ಸರದಿಯಲ್ಲಿ ನಿಂತ ಹುಡುಗರನ್ನು ನೋಡಿದರು. ಸರಕಾರಿ ಕೆಲಸದಲ್ಲಿ ಮನುಷ್ಯ ಎಷ್ಟೋ ಸಂಗತಿಗಳ ಜತೆ ಹೊಂದಿಕೊಳ್ಳಬೇಕಾಗುತ್ತದೆ.

“ಆಯ್ತು. ಸ್ವಲ್ಪ ಸೈಡಿಗೆ ಹಾಕಿ. ಬೇರೆ ಗಾಡಿಗೆ ದಾರಿ ಬೇಕಲ್ಲ.”

ಮಾದೇವಿ ಕಂಬಗಳ ನಡುವೆ ಎಂಟು ಬರೆದಳು. ಗೇಟಿನ ಕಡೆ ಮುಖ ಕೂಡ ಮಾಡಲಿಲ್ಲ. ಚಹದಂಗಡಿಯವನು ಬೆಂಚು ಎತ್ತಿಟ್ಟುಕೊಂಡು ಕಾದದ್ದೇ ಬಂತು. ಪ್ರಾಚಿ ಅವಳಿಗಿಂತ ಚಂದ ಬರೆದಳು. ತಾರವ್ವನೂ ಬರೆಯುತ್ತಿದ್ದಳು, ಆದರೆ ಎಂಟಿನ ನಡುವಿನಲ್ಲಿ ಬೇಲಿಯಾಚೆ ಬೀಳಗಿಯ ಬೀಗಿತ್ತಿ ಕಂಡಳು. ಗಾಡಿ ನಿಲ್ಲಿಸಿ, “ಯಾವಾಗ ಬಂದಿ? ಮನ್ಯಾಗೆಲ್ಲಾ ಆರಾಮ?” ಎಂದು ಕೇಳಿ, ಸಂಪೂರ್ಣ ಉತ್ತರ ಪಡೆದ ಮೇಲೆಯೇ ಮುಂದೆ ಹೋದಳು. ಅವಳು ಇನ್ನೊಂದು ಸಲ ಬರಬೇಕಾಯಿತು.

“ಇಬ್ಬರು ಪಾಸು,” ಅಂದರು ಸಾಹೇಬರು. ಹೊರಟವರು ನಿಂತರು. “ಮೇಷ್ಟ್ರೇ, ನವೆಂಬರ್ ಬಂದ್ರೆ ಇಲ್ಲಿ ರಸ್ತೆ ತುಂಬ ಡಬ್ಬಿ ಅಂತಲ್ಲ? ಹೊಸ ಹುಡುಗರು ಓಡಿಸ್ತಾರಂತೆ, ನನಗೆ ಈಗ್ಲೇ ಭಯ. ಹಂಗಾಮಿಗೆ ಮೊದಲು ಅವರನ್ನೆಲ್ಲ ಒಂದು ಕಡೆ ಸೇರಿಸ್ತೀನಿ. ಡಬ್ಬಿ ಇಲ್ಲದವರಿಗೇ ಡಬ್ಬಿ ಎಳೆಯೋದು ಕಲಿಸಿದೀರಿ. ಇರೋರಿಗೂ ಒಂದಿಷ್ಟು ಹೇಳಿಕೊಡಿ.”

“ನಂದು ನಾಲ್ಕನೇತ್ತಾನೂ ಮುಗಿದಿಲ್ರಿ ಸಾಹೇಬ್ರ,” ಅಂದ ಚನಮಲ್ಲಪ್ಪ. ಮೊಟ್ಟಮೊದಲ ಬಾರಿಗೆ ಅವನಿಗೆ ಅದನ್ನು ಹೇಳಲು ನಾಚಿಕೆಯಾಗಲಿಲ್ಲ.

“ನಾನೇನು ನಿಮ್ಮನ್ನ ಮಗ್ಗಿ ಕೇಳ್ತಿಲ್ವಲ್ಲ. ಬನ್ನಿ.”

ವಾಪಸು ಹೊರಡುವಾಗ ಚನಮಲ್ಲಪ್ಪ ರೂಢಿಯಂತೆ ಬಲಗಡೆ ಬಾಗಿಲಿಗೆ ಕೈ ಹಾಕಿದ. ಅಲ್ಲಿ ಆಗಲೇ ಮಾದೇವಿ ಕೂತಿದ್ದಳು. ಅವನು ಸುತ್ತು ಹಾಕಿ ಎಡಕ್ಕೆ ಹೋಗಿ ಕೂತ. ಜಮಖಂಡಿ ದಾಟುವ ತನಕ ಅವನ ಕಾಲು ಇಲ್ಲದ ಬ್ರೇಕನ್ನು ತುಳಿಯುತ್ತಿತ್ತು. ಒಂದು ಎಮ್ಮೆ ಅಡ್ಡ ಬಂದಾಗ ಬಾಯಿ ತೆರೆದ. ಅಷ್ಟರಲ್ಲಿ ಮಾದೇವಿ ಅದನ್ನು ದಾಟಿಸಿಯಾಗಿತ್ತು. ಲಾರಿ ಬಂದಾಗ ಮತ್ತೆ ತೆರೆದ; ಲಾರಿಯೂ ಹೋಯಿತು. ತೆರೆದ ಬಾಯಿಯನ್ನು ಏನು ಮಾಡುವುದೆಂದು ತಿಳಿಯದೆ ಆಕಳಿಸಿದ.

ಹಿಂದಿನ ಸೀಟಿನಲ್ಲಿ ತಾರವ್ವ, ಪ್ರಾಚಿ ಸೋಮವಾರದ ಹಿಟ್ಟು, ಸೋಮವಾರದ ಕಟ್ಟಿಗೆ ಎಂದು ಮಾತಾಡುತ್ತಿದ್ದರು. ನಡುವೆ ತಾರವ್ವ ಕಿವಿ ನಿಮಿರಿಸಿದಳು.

“ಮಾದೇವೀ, ಎಂಜಿನ್ ಏನರ ಆತೇನ ನೋಡಬೇ. ಗುರ್ ಗುರ್ ಅನ್ನಾಕತ್ತೈತಿ.”

“ಎಂಜಿನ್ ಅಲ್ರೀ ಅಕ್ಕಾ,” ಅಂದಳು ಪ್ರಾಚಿ ಮುಂದೆ ಬಾಗಿ. “ಸರ್.”

ಚನಮಲ್ಲಪ್ಪನ ತಲೆ ಕಿಟಕಿಗೆ ಆತುಕೊಂಡಿತ್ತು. ಪೆನ್ನು ಕಿಸೆಯಿಂದ ಜಾರಿ ಮಡಿಲಿಗೆ ಬಿದ್ದಿತ್ತು.

“ಅಯ್ಯ, ಎಬ್ಬಸ್ಲೇನ?”

“ಬ್ಯಾಡ,” ಅಂದಳು ಮಾದೇವಿ. ರಸ್ತೆಯ ಉಬ್ಬು ಬಂತು; ಗಾಲಿಗೂ ಗೊತ್ತಾಗದ ಹಾಗೆ ದಾಟಿಸಿದಳು. “ಲಗ್ನ ಆದಾಗಿಂದ ನೋಡೇನಿ, ಬ್ಯಾರೇದವರು ಗಾಡಿ ಹೊಡಿಯುವಾಗ ಈ ಮನಷ್ಯಾ ಒಮ್ಮೆರ ಕಣ್ಣು ಮುಚ್ಚಿದ್ದಿಲ್ಲ. ಬಸ್ಸಿನ್ಯಾಗ ಕುಂತ್ರೂ ಡ್ರೈವರಗ ಹೇಳಕೋತ ಹೋಗಾಂವ. ಸಾಹೇಬರು ಬರೇ ಬಾಯಿಲೆ ಪಾಸ್ ಅಂದ್ರು. ನಾ ಖರೇ ಪಾಸಾದದ್ದು ಈಗ.”

ಕರೆಮಡ್ಡಿಯ ತಿರುವು ಬಂತು. ಮನೆ ಮುಂದೆ ಗಾಡಿ ನಿಂತರೆ ಸರ್ ನಿದ್ದೆ ಹರಿದೀತು. ಮಾದೇವಿ ತಿರುಗಿಸಲಿಲ್ಲ. ಓಮ್ನಿ ಊರನ್ನು ಮಗ್ಗುಲಿಗೆ ಬಿಟ್ಟು, ಕಬ್ಬಿನ ನಡುವೆ ಮುಧೋಳದ ಕಡೆ ಸೀದಾ ಸಾಗಿತು.

“ಮಾದೇವೀ! ಊರು ಹೋತಲ್ಲಬೇ!”

“ಹೋಗ್ಲಿ ಬಿಡು,” ಅಂದಳು ಮಾದೇವಿ, ಗೇರು ಬದಲಿಸುತ್ತ. “ಹೊಳ್ಳಿಸಿಕೊಂಡು ಬರಾಕ ನನಗ ಬರ್ತೈತಿ.”